ರಫು ಅತ್ತೆಯ ಕಣ್ಣು, ಟೀವಿಯ ಬಣ್ಣ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರ ಬಾಯಲ್ಲೂ ಲೈನಣ್ಣ. ಯಾಕೆ ಅಂತೀರಾ? ಟೀವಿ ಕೆಟ್ಟಿತು ಅಂತ ಯಾರೇ ಕರೆಯಲಿ, ಹಿಂದಿನ ಮುಚ್ಚಳ ಬಿಚ್ಚಿ, ಧೂಳು ಊದಿ, ಒಳಗೆ ಇಣುಕಿ, ಏನೂ ಹೊಳೆಯದಿದ್ದರೆ “ಲೈನಲ್ಲೇ ಪ್ರಾಬ್ಲಮ್ಮು” ಅನ್ನುವನು. “ಗೊತ್ತಿಲ್ಲ” ಎಂಬ ಮಾತು ಅವನ ನಾಲಿಗೆಗೆ ಹತ್ತಿದ್ದೇ ಇಲ್ಲ.

ಹಾಗಂತ ಕೆಲಸ ಬಾರದವನೇನಲ್ಲ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ, ಡೊಳ್ಳುಹೊಟ್ಟೆಯ ಹಳೇ ಟೀವಿಗಳ ನಡುವೆಯೇ ಅವನ ತಲೆ ನರೆತದ್ದು. ಚಪ್ಪಟೆ ಟೀವಿಗಳ ಕಾಲ ಬಂದಮೇಲೂ, ಹಳೆಯದನ್ನು ಬಿಡಲೊಲ್ಲದವರು ಇಂಟರ್ನೆಟ್ಟಿನ ವಿಡಿಯೋ ತೋರಿಸುವ ಹೊಸ ಡಬ್ಬಿಗಳನ್ನು ಹಿಡಿದು ಅವನಲ್ಲಿಗೇ ಬರುವರು. ಅಜ್ಜನಿಗೂ ಮೊಮ್ಮಗನಿಗೂ ಮಾತು ಕೂಡಿಸುವಂಥ ಕೆಲಸ ಅದು. ಹೊಸ ಡಬ್ಬಿಯ ಬಾಯಿ ಚಪ್ಪಟೆ. ಹಳೇ ಟೀವಿಗೆ ಹಳದಿ, ಬಿಳಿ, ಕೆಂಪಿನ ಮೂರು ದುಂಡು ತೂತು. ನಡುವೆ ಬೆಂಕಿಪೊಟ್ಟಣದಷ್ಟು ಒಂದು ಕನ್ವರ್ಟರ್ ಕೂತು ಒಬ್ಬರದನ್ನು ಇನ್ನೊಬ್ಬರಿಗೆ ತಿಳಿಸಬೇಕು.

ಅವನ ಸೋದರತ್ತೆ ರಫು ಮಾಡುವವಳು. ಬಟ್ಟೆ ಎಲ್ಲೇ ಹರಿದಿರಲಿ, ಅದೇ ಬಣ್ಣದ ಎಳೆ ಹುಡುಕಿ ನೇಯ್ದು, ಹರಿದ ಗುರುತೇ ಸಿಗದ ಹಾಗೆ ಮುಚ್ಚುವಳು. ಒಂದು ಕಂದು ಬಣ್ಣದಲ್ಲೇ ಹತ್ತಾರು ಕಂದು ಕಾಣುವ ಕಣ್ಣು ಅವಳದು. ಆ ಕಣ್ಣಿಗೇ ಪೊರೆ ಬಂದು ಆಪರೇಷನ್ ಆಗಿತ್ತು. ಫೋನಿನ ಪುಟಾಣಿ ಪರದೆ ನೋಡಿ ಕಣ್ಣು ದಣಿಸಿಕೊಳ್ಳಬೇಡ ಅಂತ ಮಗಳು ಹೊಸ ಡಬ್ಬಿ ಕೊಡಿಸಿದಳು. ಊರೂರಿನ ನೇಕಾರರು ನೇಯುವುದನ್ನು ನೋಡುವ ಹುಚ್ಚು ಅತ್ತೆಗೆ. ಕೇಬಲ್ ಕಿತ್ತುಹಾಕಿದ ಮೇಲೆ ಸುಮ್ಮನೆ ಕೂತಿದ್ದ ಟೀವಿಗೆ ಅದನ್ನು ಜೋಡಿಸಲು ಲೈನಣ್ಣ ಹೋದ.

“ಎರಡು ನಿಮಿಷ ಅತ್ತೆ, ಟೀ ಸೋಸೋದ್ರೊಳಗೆ ಆಗೋಗತ್ತೆ.”

ಟೀ ಆರಿತು, ಮತ್ತೆ ಕಾಯಿತು, ಮತ್ತೆ ಆರಿತು. ಚಿತ್ರವೇನೋ ಬಂತು, ಬಣ್ಣವಿಲ್ಲ. ಪರದೆಯಲ್ಲಿನ ಮಗ್ಗದ ಮೇಲೆ ಬೂದಿ ಬಣ್ಣದ ಜಮಖಾನ. ತಂತಿ ಬದಲಿಸಿದ, ಟೀವಿಯ ನೆತ್ತಿಗೆ ತಟ್ಟಿದ. ಊಹೂಂ.

“ಎಲ್ಲಾ ಕಪ್ಪು-ಬಿಳುಪಾಗಿ ಕಾಣ್ತಿದೆಯಲ್ಲೋ?” ಅಂದಳು ಅತ್ತೆ.

ಕೇಬಲ್ ಕಿತ್ತ ಅವಳ ಮನೆಯಲ್ಲಿ ತಪ್ಪನ್ನು ಲೈನಿನ ಮೇಲೆ ಹಾಕಲು ಲೈನೇ ಇರಲಿಲ್ಲ. ಬಾಯಿಗೆ ಬಂದದ್ದು ಹೊರಗೆ ಬಿತ್ತು: “ಬಣ್ಣ ಇದೆಯಲ್ಲ ಅತ್ತೆ! ನಿನ್ನ ಕಣ್ಣೇ ಇನ್ನೂ ಹೊಂದ್ಕೊಂಡಿಲ್ಲ ಅನ್ಸತ್ತೆ.”

“ಹೌದೇನೋ,” ಅಂದಳು ಅತ್ತೆ ಮೆಲ್ಲಗೆ. ಅವನು ಚಪ್ಪಲಿ ಮೆಟ್ಟಿ ಹೊರಟುಬಂದ.

ಕೆಲವು ದಿನ ಕಳೆದು ಊಟಕ್ಕೆ ಕೂತಾಗ ಹೆಂಡತಿ ಅಂದಳು, “ರೀ, ರಫು ಅತ್ತೆ ಕೆಲಸ ಬಿಟ್ಟರಂತೆ ಕಣ್ರೀ. ಕೈಲಿರೋ ದಾರದ ಬಣ್ಣಾನೂ ನಂಬೋಕಾಗ್ತಿಲ್ಲ ಅಂತಾರೆ. ‘ಇದು ಕಂದಾ, ಕೆಂಪಾ’ ಅಂತ ಹೋಗೋ ಬರೋರನ್ನೆಲ್ಲ ಕೇಳ್ತಿದ್ರಂತೆ. ದಾರದ ಡಬ್ಬೀನ ಕೆಳಗಿನ ಟೈಲರಿಗೆ ಕೊಟ್ಟೇಬಿಟ್ರಂತೆ.”

ಲೈನಣ್ಣ ತುತ್ತನ್ನು ತಟ್ಟೆಗೇ ಬಿಟ್ಟು ಎದ್ದ. ಒಂದೊಂದೇ ಎಳೆಯಾಗಿ, ಹಳೇ ಬಟ್ಟೆಗಳ ಅಂಚಿನಿಂದ ಬಿಚ್ಚಿ ಬಿಚ್ಚಿ ಆಯುಸ್ಸಿಡೀ ಕೂಡಿಟ್ಟ ದಾರಗಳು ಅವು.

ಅಂಗಡಿಗೆ ಬಂದವನೇ ಅಂಥದೇ ಒಂದು ಕನ್ವರ್ಟರನ್ನು ಭೂತಕನ್ನಡಿಯಡಿ ಹಿಡಿದ. ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಒಂದು ಗುಂಡಿ. ಎಲ್ಲ ದೇಶದ ಹಳೇ ಟೀವಿಗಳೂ ಬಣ್ಣವನ್ನು ಒಂದೇ ರೀತಿ ಓದುವುದಿಲ್ಲ. ಆ ಗುಂಡಿ ತಪ್ಪು ಕಡೆಗಿದ್ದರೆ ಚಿತ್ರ ಬಂದರೂ ಬಣ್ಣ ಬಾರದು. ಅಷ್ಟೇ. ಉಗುರಿನಲ್ಲಿ ತಳ್ಳಿದರೆ ಮುಗಿಯುವ ಕೆಲಸ.

ಅತ್ತೆಯ ಮನೆಗೆ ಓಡಿದ. “ಏನೋ ಇಷ್ಟು ಬಿಸಿಲಲ್ಲಿ?” ಅಂದಳು ಅವಳು. ಅವನು ಟೀವಿ ಹಚ್ಚಿ, ಆವತ್ತಿನ ಜಮಖಾನದ ಚಿತ್ರವನ್ನೇ ಹಾಕಿ, ಹಿಂದೆ ಕೈ ಹಾಕಿ ಗುಂಡಿ ತಳ್ಳಿದ. ಜಮಖಾನಕ್ಕೆ ದಾಳಿಂಬೆ ಕೆಂಪು ಏರಿತು.

ಅತ್ತೆ ಎದ್ದೇ ನಿಂತಳು. “ಅಯ್ಯೋ, ನೋಡೋ! ಕಣ್ಣು ಹೊಂದ್ಕೊಂಡ್ವು ಕಣೋ! ಕೆಂಪು ಕಾಣ್ತಿದೆ, ಅಂಚಿನ ನೀಲೀನೂ ಕಾಣ್ತಿದೆ!”

ಅವಳ ಮುಖ ಮಗುವಿನದಾಗಿತ್ತು. ಸುಮ್ಮನಿದ್ದರೆ ಸಾಕಿತ್ತು. ಅವಳ ಖುಷಿಯೂ ಉಳಿಯುತ್ತಿತ್ತು, ಇವನ ಮಾನವೂ. “ಹೂಂ ಅತ್ತೆ” ಅನ್ನುವುದಕ್ಕೆ ತುಟಿ ಬಿಚ್ಚಿಯೂ ಆಗಿತ್ತು. ಆದರೆ ನಾಳೆ ಕಣ್ಣು ಕೊಂಚ ಮಂಜಾದಾಗ, ಮಬ್ಬು ಹವೆ ಇದ್ದಾಗ, ಇವಳು ಮತ್ತೆ ತನ್ನ ಕಣ್ಣನ್ನೇ ಅನುಮಾನಿಸುವಳಲ್ಲ?

“ಕಣ್ಣಿಗೆ ಏನೂ ಆಗಿರ್ಲಿಲ್ಲ ಅತ್ತೆ. ಆವತ್ತು ನಂಗೂ ಕಪ್ಪು-ಬಿಳುಪೇ ಕಂಡಿದ್ದು.”

ಅತ್ತೆ ಟೀವಿಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು. “ಗೊತ್ತಿದ್ದೂ ಅಂದ್ಯಾ?”

“ಗೊತ್ತಿದ್ದೇ ಅಂದೆ. ಟೀವಿಗೆ ಏನಾಗಿದೆ ಅಂತ ಗೊತ್ತಿರ್ಲಿಲ್ಲ. ಅದನ್ನ ಹೇಳೋಕೆ ನಾಚಿಕೆ ಆಯ್ತು.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು ಕೆಳಗಿನ ಟೈಲರ್ ಅಂಗಡಿಗೆ ಮೆಟ್ಟಿಲಿಳಿದಳು. ಇಳಿಯುವಾಗ ಯಾವಾಗಲೂ ಅವನ ತೋಳು ಹಿಡಿಯುವವಳು ಇಂದು ಗೋಡೆ ಹಿಡಿದಳು.

ಟೈಲರ್ ಆ ದಾರದ ಡಬ್ಬಿಯನ್ನು ಹುಡುಕಿ ಕೊಟ್ಟ. ಗುಂಡಿ, ಸೂಜಿ, ಅಗ್ಗದ ರೀಲುಗಳೆಲ್ಲ ಸೇರಿ ಅದು ಕಾಗೆಗೂಡಾಗಿತ್ತು. “ಬೇಡ ಅಂದ್ರಲ್ಲಮ್ಮಾ ಅಂತ…” ಎಂದು ಅವನು ತಲೆ ಕೆರೆದುಕೊಂಡ.

ಅತ್ತೆ ಬೆಂಚಿನ ಮೇಲೆ ಕೂತು, ಗಂಟು ಬಿಡಿಸಿ, ಒಂದೊಂದೇ ಎಳೆಯನ್ನು ಬೆಳಕಿಗೆ ಹಿಡಿದಳು. “ಇದು ಇಟ್ಟಿಗೆ. ಇದು ತುಕ್ಕು. ಇದು…” ಅಲ್ಲಿ ತಡೆದಳು. ಬೆಳಕಿಗೆ ಓರೆಮಾಡಿದಳು, ಹತ್ತಿರ ತಂದಳು. ಆ ತಡೆ ಅವಳಿಗೆ ಮೊದಲು ಇರಲಿಲ್ಲ. ಅದನ್ನು ಹೊಲಿದು ಕೊಟ್ಟವನು ಲೈನಣ್ಣನೇ.

“ಅತ್ತೆ, ನಾನೂ ಬಿಡಿಸ್ತೀನಿ, ಕೊಡು,” ಎಂದು ಬಾಗಿದ.

“ನೀನು ಮುಟ್ಬೇಡ,” ಅಂದಳು ಅತ್ತೆ, ತಲೆಯೆತ್ತದೆ. “ಬೆಳಕಿಗೆ ಅಡ್ಡ ನಿಂತಿದ್ದೀಯ. ಸ್ವಲ್ಪ ಸರಿ.”

ಅವನು ಸರಿದು ನಿಂತ. ಅವಳು ಆ ಎಳೆಯನ್ನು ಮತ್ತೆ ಬೆಳಕಿಗೆ ಹಿಡಿದಳು.