‘ಎಲ್ಲಿಗೆ?’ ಎಂದು ಕೇಳಿದವರು

ಬೆಣ್ಣೆಯತ್ತೆಯ ಎರಡೂ ಅಂಗೈಗಳಲ್ಲಿ ಹುಟ್ಟಿನಿಂದ ಬಂದ ರೇಖೆಗಳಿಗೆ ಅಡ್ಡವಾಗಿ ಇನ್ನೊಂದು ಗೆರೆ ಇತ್ತು. ಕಡಗೋಲಿನ ಹಗ್ಗ ಮೂವತ್ತು ವರ್ಷ ಎಳೆದು ಮೂಡಿದ ಗೆರೆ. ಜೋಳದ ಕಾಳು ಇಟ್ಟರೆ ಕೂರುವಷ್ಟು ಆಳ. “ಎಲ್ಲಾರ ಹಣೀಬಾರ ಹಣ್ಯಾಗ ಇರತೈತಿ, ನಂದು ಕೈಯಾಗ ಐತಿ ನೋಡವ್ವಾ” ಎಂದು ಅಂಗೈ ತೋರಿಸಿ ನಗುತ್ತಿದ್ದಳು.

ಅವಳು ನಮ್ಮ ತಂದೆಯ ಅಕ್ಕನೂ ಅಲ್ಲ, ತಂಗಿಯೂ ಅಲ್ಲ. ನಮ್ಮ ಮನೆಗೆ ಗೋಡೆ ಹಂಚಿಕೊಂಡಿದ್ದ ವಿಧವೆ. ಮೂರು ಎಮ್ಮೆ, ಧಾರವಾಡಕ್ಕೆ ಕೊಟ್ಟ ಒಬ್ಬಳೇ ಮಗಳು. ಓಣಿಯೆಲ್ಲ ಅವಳನ್ನು ಅತ್ತಿ ಎನ್ನುತ್ತಿತ್ತು.

ನಮ್ಮೂರು ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ. ಹಳಿ ಊರ ಪಕ್ಕದಲ್ಲೇ ಹೋಗಿದ್ದರೂ ಗಾಡಿ ಮಾತ್ರ ನಿಲ್ಲುತ್ತಿರಲಿಲ್ಲ. ಆಗ ಬೆಣ್ಣೆ ತೆಗೆದವರೆಲ್ಲ ಊರ ಸಾಹುಕಾರನಿಗೇ ಮಾರಬೇಕಿತ್ತು. ಅವನು ಹೆಂಗಸರನ್ನು ಬಿಸಿಲೇರುವ ತನಕ ಕಟ್ಟೆಯ ಮೇಲೆ ಕೂರಿಸಿ, ಆಮೇಲೆ ಬೆಣ್ಣೆ ಮೂಸಿ, “ಹಳಸೇತ್ಯಲ್ಲಬೇ” ಎನ್ನುತ್ತಿದ್ದ. ಹಳಸಿದ ಬೆಣ್ಣೆಗೆ ಅವನು ಹೇಳಿದ್ದೇ ದರ.

ಬೆಳಗಿನ ಪ್ಯಾಸೆಂಜರ್ ಗಾಡಿ ಎರಡು ನಿಮಿಷ ನಮ್ಮೂರಲ್ಲಿ ನಿಲ್ಲತೊಡಗಿದ್ದು ನಾನು ಡೈರಿ ಶುರುಮಾಡಿದ ವರ್ಷ. ಮೊದಲ ದಿನದಿಂದಲೂ ಹತ್ತಿದವರನ್ನು ಹೆಸರು ಸಮೇತ ಎಣಿಸಿ ಬರೆದಿದ್ದೇನೆ. ಯಾಕೆ ಎಂದು ಕೇಳಿದರೆ ಹೇಳಲಾರೆ, ಎಣಿಸದಿದ್ದರೆ ನನಗೆ ದಿನ ಮುಗಿದಂತಾಗುವುದಿಲ್ಲ. ಮೊದಲ ವಾರ ಬೆಣ್ಣೆಬುಟ್ಟಿಯೊಂದಿಗೆ ಹತ್ತಿದವರು ಮೂವರು. ದೀಪಾವಳಿಗೆ ಒಂಬತ್ತು. ಮರುವರ್ಷ ಯುಗಾದಿಗೆ ಹತ್ತೊಂಬತ್ತು. ಮಂಜು ಆರುವ ಮೊದಲೇ ಧಾರವಾಡದ ವಕೀಲರ ಮನೆ, ಮಾಸ್ತರರ ಮನೆಗಳ ಅಡುಗೆಮನೆಗೆ ಬೆಣ್ಣೆ ಹೋಗುತ್ತಿತ್ತು. ಮಧ್ಯಾಹ್ನದ ಗಾಡಿಗೆ ಹೆಂಗಸರು ಎಮ್ಮೆಗೆ ಹಿಂಡಿಯ ಗಂಟು ಹೊತ್ತು ಮರಳುತ್ತಿದ್ದರು. ಗಾಡಿ ನಿಲ್ಲುವ ಹಾಲ್ಟಿನ ಬಳಿ ಒಬ್ಬ ಸಿಂಪಿಗ ಹೊಲಿಗೆ ಯಂತ್ರ ಇಟ್ಟ, ಒಬ್ಬ ಚಹಾ ಕಾಸಿದ. ಹುಲ್ಲಿನ ಮಾಡು ಇದ್ದ ಆರು ಮನೆಗಳಿಗೆ ಹೆಂಚು ಬಂತು. ಅದೇ ಗಾಡಿಯಲ್ಲಿ ನಾನು ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಮಾಸ್ತರಿಕೆ ಕಲಿಯಲು ಹೋಗತೊಡಗಿದೆ. ಪರವೂರಲ್ಲಿ ಇಟ್ಟು ಓದಿಸುವುದಿಲ್ಲ, ಸಂಜೆ ಮನೆಗೆ ಬರುವುದಾದರೆ ಮಾತ್ರ ಎಂದು ಅಪ್ಪ ಹೇಳಿದ್ದರು.

ಸಾಹುಕಾರ ಒಂದು ಮೋಟಾರು ಬಸ್ಸು ಕೊಂಡ. ಅದರಲ್ಲಿ ಯಾರೂ ಕೂರಲಿಲ್ಲ. ಆಗ ಅವನು ಹಾಲ್ಟಿನ ಟಿಕೆಟ್ ಮಾರುವ ಗುತ್ತಿಗೆಯನ್ನು ಅಳಿಯನಿಗೆ ಕೊಡಿಸಿದ.

ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು. ಇದು ನಮ್ಮಲ್ಲಿ ಮಗುವಿಗೂ ಗೊತ್ತು. ಕೇಳಲೇಬೇಕಾದರೆ ‘ದೂರ ಹೊಂಟೀರೇನು?’ ಎನ್ನಬೇಕು. ಯಾರಾದರೂ ಕೇಳಿಬಿಟ್ಟರೆ ಹೊರೆ ಇಳಿಸಿ, ಗಳಿಗೆ ಕೂತು, ಗುಟುಕು ನೀರು ಕುಡಿದು, ಹೊಸದಾಗಿ ಹೊರಡಬೇಕು. ಅಳಿಯ ಟಿಕೆಟ್ ಕಿಟಕಿ ಬಿಟ್ಟು ಹೊರಗೆ ಬಂದು ಕಾಲುದಾರಿಯಲ್ಲಿ ನಿಲ್ಲುತ್ತಿದ್ದ. ಗಾಡಿಯ ಸಿಳ್ಳು ಕೇಳಿದ ಕೂಡಲೇ ಬುಟ್ಟಿ ಹೊತ್ತು ಬರುವವರಿಗೆ ಒಬ್ಬೊಬ್ಬರಿಗೇ, “ಎಲ್ಲಿಗೆ?” ಎನ್ನುತ್ತಿದ್ದ. ಹೆಂಗಸರು ಕೂತು, ನೀರು ಕುಡಿದು ಏಳುವಷ್ಟರಲ್ಲಿ ಟಿಕೆಟ್ ತೆಗೆಯಲು ಸಮಯವೆಲ್ಲಿ? ಹಾಗೇ ಓಡಿ ಹತ್ತುತ್ತಿದ್ದರು. ಧಾರವಾಡದಲ್ಲಿ ಹುಬ್ಬಳ್ಳಿಯಿಂದ ಬಂದವರೆಂದು ಲೆಕ್ಕ ಹಿಡಿದು ದಂಡ ಹಾಕಿ ರಸೀದಿ ಕೊಡುತ್ತಿದ್ದರು. ಕಲಿತವಳು ನಾನು, ಇದನ್ನೆಲ್ಲ ನಂಬುತ್ತಿರಲಿಲ್ಲ. ಆದರೂ ಅವನು ಕೇಳಿದಾಗ ನನ್ನ ಕಾಲೂ ಒಮ್ಮೆ ನಿಲ್ಲುತ್ತಿತ್ತು.

ಶ್ರಾವಣದ ಒಂದು ಮಂಗಳವಾರ ಅತ್ತೆ ಬುಟ್ಟಿಯಿಲ್ಲದೆ ಬಂದಳು. ಮಗಳಿಗೆ ಹೆರಿಗೆ ಕಷ್ಟವಾಗಿದೆ ಎಂದು ನಸುಕಿನಲ್ಲೇ ಆಳು ಬಂದು ಹೇಳಿದ್ದ. ಕಂಕುಳಲ್ಲಿ ಹಳೇ ಸೀರೆಯ ಗಂಟು. ಅಳಿಯ ದಾರಿಗೆ ಅಡ್ಡ ಬಂದ.

“ಎಲ್ಲಿಗೆ, ಅತ್ತೀ?”

ಬೇರೆ ದಿನವಾಗಿದ್ದರೆ ಅವಳು ದಾಟಿಕೊಂಡು ಬರುತ್ತಿದ್ದಳೋ ಏನೋ. ಹೆರುವ ಮಗಳ ಬಳಿಗೆ ಆ ಶಕುನ ಹೊತ್ತು ಹೇಗೆ ಹೋದಾಳು? ಕೂತಳು. ನೀರು ಕೇಳಿದಳು. ಗುಟುಕು ಕುಡಿದು ತಂಬಿಗೆ ಕೆಳಗಿಟ್ಟಳು. ನಾನು ಗಾಡಿಯ ಕಿಟಕಿಯಿಂದ ನೋಡುತ್ತಲೇ ಇದ್ದೆ, ಗಾಡಿ ಬಿಟ್ಟಿತು. ಅಳಿಯ ನಗುತ್ತಿದ್ದ. ಅವಳು ನಡೆದೇ ಧಾರವಾಡ ಮುಟ್ಟಿದಳು. ಮಗಳು ತೀರಿಹೋಗಿ ಅರ್ಧ ತಾಸಾಗಿತ್ತು. ಕೂಸೂ ಉಳಿದಿರಲಿಲ್ಲ.

ಆ ದಿನದ ನನ್ನ ಡೈರಿಯಲ್ಲಿ ಹತ್ತಿದವರ ಹೆಸರುಗಳ ಕೆಳಗೆ ‘ಗಾಡಿ ತಪ್ಪಿದವರು: ಒಬ್ಬರು’ ಎಂದಷ್ಟೇ ಇದೆ.

ಅವಳು ಆ ಮಾತನ್ನು ನನ್ನೆದುರು ಒಮ್ಮೆ ಮಾತ್ರ ಎತ್ತಿದಳು. “ನಾ ಹ್ವಾದ್ರ ಉಳೀತಿದ್ದಿಲ್ಲವ್ವಾ ಆಕಿ. ಆದ್ರ ಮಾರಿ ನೋಡತಿದ್ದೆ.” ಆಮೇಲೆ ಮತ್ತೆ ಹಗ್ಗ ಹಿಡಿದಳು. ಊರವರು ಸಾಹುಕಾರನ ಮನೆಗೆ ಕಲ್ಲು ಹೊಡೆಯೋಣ ಎಂದಾಗ ಬೇಡವೆಂದು ಕೈಯಾಡಿಸಿಬಿಟ್ಟಳು. “ಕಲ್ಲು ಹೊಡದ್ರ ಒಂದು ದಿನದ ಸಿಟ್ಟು ತೀರತೈತಿ. ನಾ ಮೊಸರು ಕಡಿಯಾಕಿ. ಬೆಣ್ಣಿ ಬರೂತನಾ ಕೈ ಬಿಡಾಂಗಿಲ್ಲ.”

ಒಂದು ತಿಂಗಳಿಗೆ ಹಾಲ್ಟಿನ ಗೋಡೆಗೆ ನೋಟೀಸು ಬಿತ್ತು. ಇಲ್ಲಿ ಟಿಕೆಟ್ ಮಾರಾಟವೇ ಇಲ್ಲ. ತನಿಖೆಯ ನಂತರ ಗಾಡಿ ನಿಲ್ಲುವುದನ್ನು ರದ್ದುಮಾಡಲಾಗುವುದು. ನಾನು ಓದಿ ಹೇಳಿದೆ. ಅತ್ತೆ ಮನೆಯೊಳಗೆ ಹೋಗಿ ಒಂದು ಗಡಿಗೆ ತಂದು ನನ್ನ ಮುಂದೆ ಬೋರಲು ಹಾಕಿದಳು. ತುಂಬ ದಂಡದ ರಸೀದಿಗಳು. ಓದು ಬಾರದ ಅವಳು ಅಚ್ಚು ಹಾಕಿದ ಯಾವ ಕಾಗದವನ್ನೂ ಬಿಸಾಡಿದವಳಲ್ಲ, ಬೇರೆಯವರಿಗೂ ಬಿಸಾಡಲು ಬಿಟ್ಟಿರಲಿಲ್ಲ. ಬೆಣ್ಣೆ ಹತ್ತಿ ಒಂದೊಂದೂ ಎಣ್ಣೆಕಾಗದದಂತೆ ಆಗಿತ್ತು. “ನಿನ್ನ ಬುಕ್ಕಿನ್ಯಾಗ ತಾರೀಖು ಐತಿ. ಇದರಾಗೂ ತಾರೀಖು ಐತಿ. ಎರಡೂ ಮದವಿ ಮಾಡು” ಎಂದಳು. ನಾಲ್ಕು ದಿನ ಕೂತು ಮಾಡಿದೆ.

ಇತ್ತ ಹೆಂಗಸರಿಗೆ ಅವಳು ಬೇರೆಯೇ ಪಾಠ ಹೇಳಿಕೊಟ್ಟಳು. ಅಪಶಕುನ ಕೊಟ್ಟವನಿಗೇ ಅದನ್ನು ತಿರುಗಿಸಿದರೆ ಅದು ಅವನ ಮೇಲೆಯೇ ಹೋಗುತ್ತದಂತೆ. ಹಾಗೆಂದು ಯಾರು ಹೇಳಿದರು ಎಂದು ಕೇಳಿದೆ. “ನಾ ಹೇಳಾಕತ್ತೇನಿ” ಎಂದಳು. ಮರುದಿನ ಅಳಿಯ ಬಾಯಿ ತೆರೆದದ್ದೇ ತಡ, ಹತ್ತೊಂಬತ್ತು ಮಂದಿ ಒಂದೇ ದನಿಯಲ್ಲಿ, “ನಿನ್ನ ತಿಥಿ ಊಟಕ್ಕ!” ಎಂದರು. “ಧಾರವಾಡದಾಗ ಮಾಡಾಕತ್ತಾರ, ಲಗೂ ಟಿಕೀಟು ಕೊಡು” ಎಂದು ಹಿಂದಿನಿಂದ ಒಬ್ಬಳು ಸೇರಿಸಿದಳು. ಅಳಿಯ ಬೆವೆತುಬಿಟ್ಟ. ಶಕುನ ನಂಬದವನಾಗಿದ್ದರೆ ಅವನಿಗೆ ಆ ಉಪಾಯ ಹೊಳೆಯುತ್ತಿತ್ತೇ? ಮೂರನೇ ದಿನಕ್ಕೆ ಜ್ವರ ಬಂದು ಮಲಗಿದ. ನನಗೆ ಮರುಕ ಬರಲಿಲ್ಲ. ಡೈರಿಯಲ್ಲಿ ‘ಜ್ವರ: ಒಬ್ಬರಿಗೆ’ ಎಂದು ಬರೆದು ಸುಖವಾಗಿ ನಿದ್ದೆಮಾಡಿದೆ.

ತನಿಖೆಗೆ ಬಂದ ರೈಲ್ವೆ ಅಧಿಕಾರಿಗೆ ಕನ್ನಡ ಬಾರದು. ಜೊತೆಗಿದ್ದ ನಮ್ಮ ಕಡೆಯ ಮುದಿ ಕಾರಕೂನರು ತಿಳಿಸಿ ಹೇಳುತ್ತಿದ್ದರು. ಸಾಹುಕಾರ ಕುರ್ಚಿ ತರಿಸಿ ಪಕ್ಕದಲ್ಲೇ ಕೂತಿದ್ದ. ಅಧಿಕಾರಿ ರಸೀದಿಯ ತಾರೀಖು ಓದಿದರು, ನಾನು ಡೈರಿ ತೆರೆದು ಆ ದಿನ ಹತ್ತಿದವರ ಹೆಸರು ಓದಿದೆ. ಅಷ್ಟೇ ಮಂದಿ, ಅಷ್ಟೇ ರಸೀದಿ. ಮತ್ತೊಂದು ತಾರೀಖು. ಮತ್ತೆ ಅಷ್ಟೇ. ಇಪ್ಪತ್ತು ದಿನ ನೋಡಿ ಅವರು ಸಾಕು ಎಂದರು. ಇವರಿಗೆ ಇಲ್ಲೇ ಟಿಕೆಟ್ ಯಾಕೆ ಕೊಡಲಿಲ್ಲ ಎಂದು ಅಳಿಯನನ್ನು ಕೇಳಿದರು.

“ನಾ ಏನೂ ಮಾಡಿಲ್ರಿ. ಬರೇ ಎಲ್ಲಿಗೆ ಅಂತ ಕೇಳಿದ್ನಿರಿ. ಮಾವನವ್ರ ‘ಕೇಳು’ ಅಂದಿದ್ರು.”

ಅಧಿಕಾರಿಗೆ ಅರ್ಥವಾಗಲಿಲ್ಲ. ಟಿಕೆಟ್ ಮಾರುವವನು ಎಲ್ಲಿಗೆ ಎಂದು ಕೇಳದೆ ಇನ್ನೇನು ಕೇಳಬೇಕು? ಅತ್ತೆ ಮುಂದೆ ಬಂದಳು.

“ಸಾಹೇಬರ, ಕಿಟಕ್ಯಾಗ ಕುಂತು ಕೇಳ್ಲಿ. ಕೇಳಬ್ಯಾಡ ಅಂದಾರ್ಯಾರು? ಹಾದ್ಯಾಗ ಅಡ್ಡ ನಿಂತು ಕೇಳಾಂವ ಎಂಥಾ ಕಾರಕೂನ್ರಿ? ಗಾಡಿ ನಿಲ್ಲೂಕಿಂತ ಮೊದ್ಲ ಈ ಊರಾಗ ಬೆಣ್ಣಿ ನಮ್ಮದು, ಬಾಯಿ ಸಾಹುಕಾರ್ರದು. ಈಗ ನಮ್ಮ ಬೆಣ್ಣಿಗೆ ನಾವ ದರಾ ಹೇಳತೇವಿ. ಅದಕ್ಕ ಇವ್ರಿಗೆ ಹೊಟ್ಟಿ ಉರಿ.”

ಕಾರಕೂನರು ಆ ಪದ್ಧತಿ ಏನೆಂದು ಅಧಿಕಾರಿಗೆ ಬಹಳ ಹೊತ್ತು ವಿವರಿಸಿದರು. ತಮ್ಮ ತಾಯಿಯೂ ಹಾಗೇ ಕೂತು ನೀರು ಕುಡಿಯುತ್ತಿದ್ದರೆಂದು ಹೇಳಿದಂತೆ ಕಂಡಿತು. ಗಾಡಿ ಉಳಿಯಿತು, ಅಳಿಯನ ಗುತ್ತಿಗೆ ಹೋಯಿತು. ಬಸ್ಸಿನೊಳಗೆ ಕೋಳಿ ಮೊಟ್ಟೆ ಇಡತೊಡಗಿದವು.

ಊರವರಿಗೆ ಅಷ್ಟು ಸಾಕಾಗಿತ್ತು. ಅತ್ತೆಗೆ ಆಗಿರಲಿಲ್ಲ. ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಸಾಹುಕಾರ ಜರಿ ರುಮಾಲು ಸುತ್ತಿ, ಮಗನಿಗೆ ಹೆಣ್ಣು ನೋಡಲು ಹಣ್ಣಿನ ತಟ್ಟೆ ಹೊರಿಸಿಕೊಂಡು ಹಾಲ್ಟಿಗೆ ಬಂದ. ಸಿಳ್ಳು ಕೇಳಿತು. ಅತ್ತೆ ಬುಟ್ಟಿ ಕೆಳಗಿಟ್ಟು ಅವನೆದುರು ಹೋಗಿ ನಿಂತಳು.

“ಎಲ್ಲಿಗ್ರಿ, ಸಾಹುಕಾರ್ರ?”

ಅವನ ಕಾಲು ನಿಂತಿತು. ಕಲ್ಲಿನ ಮೇಲೆ ಕೂತ. ನೀರು ಕೇಳಿದ, ಯಾರೂ ಕೊಡಲಿಲ್ಲ. ಗಾಡಿ ಬಂತು, ಹೋಯಿತು. ನಾನೂ ಹತ್ತಲಿಲ್ಲ, ನೋಡುತ್ತ ನಿಂತೆ. ಬೆಣ್ಣೆ ಹಾಳಾಯಿತಲ್ಲ ಅತ್ತೀ ಎಂದೆ. “ತುಪ್ಪಾ ಕಾಸತೇನಿ ತಗೋ” ಎಂದು ಬುಟ್ಟಿ ಎತ್ತಿಕೊಂಡಳು. ಅವಳು ಮಾಡಿದ್ದು ತಪ್ಪು ಎಂದು ನನಗೆ ನಾನೇ ಹಲವು ಸಲ ಹೇಳಿ ನೋಡಿದ್ದೇನೆ. ನಾಲಿಗೆ ಒಪ್ಪುವುದಿಲ್ಲ.

ನಾನೀಗ ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತೇನೆ. ಆ ಎರಡು ನಿಮಿಷ ಹೋಗಿದ್ದರೆ ನನ್ನ ಓದೂ ಹೋಗುತ್ತಿತ್ತು.

ಅತ್ತೆ ಕಳೆದ ಫಾಲ್ಗುಣದಲ್ಲಿ ತೀರಿಕೊಂಡಳು. ಮೂರು ದಿನ ಜ್ವರ. ಎರಡನೇ ದಿನ ನನ್ನನ್ನು ಹತ್ತಿರ ಕರೆದಳು. “ಆ ಮನಿಯವ್ರ ಮಣ್ಣು ನನ್ನ ಮ್ಯಾಲ ಬೀಳಬಾರ್ದು. ಇದನ್ನ ಬರಕೋಬ್ಯಾಡ, ನೆನಪಿಟ್ಟಕೋ.”

ಹೂಳುವ ಕುಣಿಯ ಸುತ್ತ ಊರೇ ನಿಂತಿತ್ತು. ಒಬ್ಬೊಬ್ಬರಾಗಿ ಹಿಡಿಮಣ್ಣು ಕೊಟ್ಟರು. ಸಾಹುಕಾರನೂ ಬಂದ, ಬಗ್ಗಿ ಮಣ್ಣು ತುಂಬಿಕೊಂಡ. ನಾನು ಕುಣಿಗೂ ಅವನಿಗೂ ನಡುವೆ ನಿಂತೆ.

“ನೀವು ಬ್ಯಾಡ್ರಿ.”

“ತಂಗೀ, ಸತ್ತವರ ಮ್ಯಾಲ ಎಂಥಾ ಹಗೀನವ್ವಾ?”

“ಸತ್ತಾಕಿ ಆಕಿ ಒಬ್ಬಾಕಿನ ಅಲ್ರಿ. ಮಗಳು, ಕೂಸು. ಹಗಿ ಇನ್ನೂ ಬದುಕೇತಿ.”

ಅವನು ಸುತ್ತ ನೋಡಿದ. ನಾನು ಮಾಡಿದ್ದು ಸರಿ ಎಂದು ಯಾರೂ ಹೇಳಲಿಲ್ಲ, ನನ್ನನ್ನು ಯಾರೂ ಪಕ್ಕಕ್ಕೆ ಸರಿಸಲೂ ಇಲ್ಲ. ಸತ್ತವಳಿಗೆಂದು ಎತ್ತಿದ ಮಣ್ಣನ್ನು ಬರಿ ನೆಲಕ್ಕೆ ಚೆಲ್ಲುವ ಧೈರ್ಯ ಅವನಿಗಾಗಲಿಲ್ಲ. ಮುಷ್ಟಿ ಮುಚ್ಚಿಕೊಂಡೇ ತಿರುಗಿ ನಡೆದ. ಬಿಸಿಲಲ್ಲಿ, ಊರ ಕಡೆಗೆ, ಆ ಕೈಯನ್ನು ಮೈಯಿಂದ ದೂರ ಹಿಡಿದು.