ಅರ್ಧ ಮುಖದ ಕ್ರಿಸ್‌ಮಸ್

ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಉಳಿದಿತ್ತು. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸೋರಿ ಎದೆಯ ಮೇಲೆ ಬಿತ್ತು. ನಿದ್ದೆಗಣ್ಣು ಅಂದುಕೊಂಡೆ. ಮತ್ತೆ ಮುಕ್ಕಳಿಸಿದೆ. ಮತ್ತೆ ಸೋರಿತು. ತಲೆ ಎತ್ತಿ ಕನ್ನಡಿ ನೋಡಿದೆ.

ಬಲಗಡೆಯ ಮುಖ ಗಾಬರಿಯಾಗಿತ್ತು. ಎಡಗಡೆಯದಕ್ಕೆ ಏನೂ ಗೊತ್ತಿರಲಿಲ್ಲ.

"ರೀ..." ಎಂದು ಕೂಗಿದೆ. ಗಂಡ ಓಡಿಬಂದರು. "ಕೈ ಎತ್ತು. ಎರಡೂ ಎತ್ತು," ಎಂದರು. ಎತ್ತಿದೆ. ಇಬ್ಬರ ಮನಸ್ಸಿನಲ್ಲಿದ್ದ ಪದವನ್ನು ಇಬ್ಬರೂ ಆಡಲಿಲ್ಲ. ನನ್ನ ಅಪ್ಪ ಸ್ಟ್ರೋಕಿನಲ್ಲೇ ಹೋದವರು. ನಾವಿರುವ ಪರದೇಶದ ಊರಿನ ವೆಸ್ಟ್‌ಲ್ಯಾಂಡ್ಸ್ ಪೇಟೆಯ ಟ್ರಾಫಿಕ್ಕಿನಲ್ಲಿ ಟ್ಯಾಕ್ಸಿ ನಿಂತಷ್ಟು ಹೊತ್ತೂ ನಾನು ಕಾಲ್ಬೆರಳು ಆಡಿಸುತ್ತಲೇ ಇದ್ದೆ, ನಿಲ್ಲಿಸಿದರೆ ಅವೂ ನಿಂತುಹೋಗುತ್ತವೆ ಎಂಬಂತೆ.

ಎಮರ್ಜೆನ್ಸಿಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹುಬ್ಬು ಎತ್ತಲು ಹೇಳಿದರು. ಎಡಹುಬ್ಬು ಏಳಲಿಲ್ಲ.

"ಅದೇ ಒಳ್ಳೆಯ ಸುದ್ದಿ," ಎಂದರು. "ಸ್ಟ್ರೋಕ್ ಆಗಿದ್ದರೆ ಸಾಮಾನ್ಯವಾಗಿ ಹುಬ್ಬು ಏಳುತ್ತೆ. ಇದು ಬೆಲ್ಸ್ ಪಾಲ್ಸಿ. ಮುಖದ ನರ್ವ್ ಊದಿಕೊಂಡಿದೆ. ಹೆಚ್ಚಿನವರಿಗೆ ಸರಿಹೋಗುತ್ತೆ."

"ಎಷ್ಟು ದಿನಕ್ಕೆ?"

"ವಾರಗಳು. ಕೆಲವರಿಗೆ ತಿಂಗಳುಗಳು."

ಸ್ಟೆರಾಯ್ಡ್, ಐ ಡ್ರಾಪ್ಸ್, ಮಲಗುವಾಗ ಕಣ್ಣಿಗೆ ಅಂಟಿಸಲು ಟೇಪ್. ಬದುಕಿದೆ ಎಂಬ ಸಮಾಧಾನ ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ಸ್ಟೆರಾಯ್ಡಿಗೆ ಮೈಯೆಲ್ಲ ಚಡಪಡಿಕೆ. ಕೂತರೆ ಏಳಬೇಕು, ಎದ್ದರೆ ಏನಾದರೂ ಮಾಡಬೇಕು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಒಂದು ಕೆಲಸ ಮುಗಿಯುವ ಮೊದಲೇ ಕನ್ನಡಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಎಡಗಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿತ್ತು.

ಹಾಲಿನ ಮೂಲೆಯಲ್ಲಿ ಮರ ನಿಂತಿತ್ತು. ರಸ್ತೆಬದಿಯಲ್ಲಿ ಕೊಂಡ ಪುಟ್ಟ ಸೈಪ್ರೆಸ್, ಬಕೆಟ್ಟಿನಲ್ಲಿ ಕಲ್ಲು ತುಂಬಿ ನಿಲ್ಲಿಸಿದ್ದು. ನಮ್ಮ ಮನೆಯಲ್ಲೂ ಕ್ರಿಸ್‌ಮಸ್ ಬೇಕೆಂದು ಒಂಬತ್ತು ವರ್ಷದ ಮಗಳು ದಿಯಾ ಎರಡು ವರ್ಷದಿಂದ ಹಟ ಹಿಡಿದಿದ್ದಳು. ಈ ಸಲ ಒಪ್ಪಿದ್ದೆವು.

"ಆರ್ ವಿ ಸ್ಟಿಲ್ ಹ್ಯಾವಿಂಗ್ ದ ಕ್ರಿಸ್‌ಮಸ್ ಲಂಚ್?" ಎಂದು ಕೇಳಿದಳು. ಹೂಂ ಎನ್ನಲು ನಕ್ಕೆ.

"ಅಮ್ಮ, ಪ್ಲೀಸ್ ಡೋಂಟ್ ಸ್ಮೈಲ್."

ನೋಯಿಸಬೇಕೆಂದು ಹೇಳಿದ್ದಲ್ಲ. ಹೆದರಿದ್ದಳು.

ಊಟ ಗೀಟ ಏನೂ ಬೇಡ ಎಂದು ಗಂಡನಿಗೆ ಹೇಳಿದೆ.

"ಕೆಳಗಿನ ಮನೆ ವಂಜಿರು ಟೀಚರ್ ಒಬ್ಬರೇ ಕಣೇ ಬರೋದು. ಅವರ ಮಕ್ಕಳೂ ಈ ಸಲ ಬರ್ತಿಲ್ಲ. ಬೇಡ ಅಂತ ಹೇಗೆ ಹೇಳೋದು?"

"ನನ್ನ ಮುಖ ನೋಡ್ರೀ."

"ನೋಡ್ತಾನೇ ಇದೀನಲ್ಲ."

ಕ್ರಿಸ್‌ಮಸ್ ಮಧ್ಯಾಹ್ನ ಪಲಾವ್, ರಾಜ್ಮಾ, ಮೊಟ್ಟೆಯಿಲ್ಲದ ಕೇಕು, ಜೊತೆಗೆ ಚಪಾತಿ. ಇಲ್ಲಿಯವರಿಗೆ ಚಪಾತಿಯೇ ಹಬ್ಬದಡುಗೆ. ಎಲ್ಲ ಬಡಿಸಿ, "ನಾನಾಮೇಲೆ ತಿಂತೀನಿ," ಎಂದು ಅಡುಗೆಮನೆ ಸೇರಿಕೊಂಡೆ. ಸ್ವಲ್ಪ ಹೊತ್ತಿಗೆ ವಂಜಿರು ಟೀಚರ್ ತಟ್ಟೆ ಹಿಡಿದುಕೊಂಡೇ ಒಳಗೆ ಬಂದರು. "ಪೋಲೆ ಸಾನಾ," ಎಂದರು ಇಲ್ಲಿಯ ಭಾಷೆಯಲ್ಲಿ. ತುಂಬ ಕಷ್ಟವಾಯಿತಲ್ಲಮ್ಮ ಎನ್ನುವ ಹಾಗೆ. ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ, ಟೀಚರ ಗತ್ತಿನಲ್ಲೇ ಹೇಳಿದರು: "ನಮ್ಮ ಹಳ್ಳಿಯಲ್ಲಿ ಕ್ರಿಸ್‌ಮಸ್ ದಿನ ಅಡುಗೆಮನೆಯಲ್ಲಿ ನಿಂತು ತಿನ್ನುತ್ತಿದ್ದವರು ಚಪಾತಿ ಕಳ್ಳರು ಮಾತ್ರ."

ನಗು ಬಂದುಬಿಟ್ಟಿತು. ಒಂದೇ ಕಡೆಗೆ ಎಳೆದುಕೊಂಡ, ಸೊಟ್ಟ, ದೊಡ್ಡ ನಗು. ಬಾಗಿಲಲ್ಲಿ ದಿಯಾ ನಿಂತಿದ್ದಳು. ಬಾಯಿಗೆ ಕೈ ಅಡ್ಡ ಹಿಡಿದೆ, ತಡವಾಗಿತ್ತು. ಅವಳು ಒಂದು ಹಿಡಿ ಟಿಶ್ಯೂ ತೆಗೆದುಕೊಂಡು ಹೋಗಿ ಊಟದ ಮೇಜಿನ ಮೇಲೆ ನನ್ನ ಕುರ್ಚಿಯ ಮುಂದಿಟ್ಟಳು.

ಹೋಗಿ ಕೂತೆ. ಮೊದಲ ತುತ್ತಿಗೇ ರಾಜ್ಮಾ ರಸ ಗಲ್ಲಕ್ಕಿಳಿಯಿತು. ದಿಯಾ ಒರೆಸಿದಳು. ಮರದ ಮೇಲಿನ ನಕ್ಷತ್ರ ತಾನೇ ಕತ್ತರಿಸಿದ್ದೆಂದು ಟೀಚರಿಗೆ ಹೇಳುತ್ತಲೇ ಒರೆಸಿದಳು.

ಅಷ್ಟರಿಂದ ಮುಖವೇನೂ ಸರಿಹೋಗಲಿಲ್ಲ. ಅಂದು ಸಂಜೆಯೂ ಕಣ್ಣು ಉರಿಯಿತು, ಮನೆಯೊಳಗೆ ಸುಮ್ಮನೆ ತಿರುಗಾಡಿದೆ. ಈಗ ಐದು ವಾರ ಕಳೆದಿದೆ. ಎಡಹುಬ್ಬು ಕೂದಲೆಳೆಯಷ್ಟು ಏಳುತ್ತದೆ. ಕಣ್ಣು ಮುಕ್ಕಾಲು ಮುಚ್ಚುತ್ತದೆ. ಪೂರ್ತಿ ಮೊದಲಿನಂತಾಗುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ನಾನೂ ಕೇಳುವುದು ಬಿಟ್ಟಿದ್ದೇನೆ.

ತುಟಿ ಪೂರ್ತಿ ಆಡಿಸಿ ಅಕ್ಷರಗಳನ್ನು ಹೇಳಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ. ನಾನು ಪ ಫ ಬ ಭ ಮ ಆರಿಸಿಕೊಂಡಿದ್ದೇನೆ. ಸ್ಕೂಲಿಂದ ಬಂದ ದಿಯಾ ಎದುರು ಕೂತು ತಾನೂ ಹೇಳುತ್ತಾಳೆ, ನನಗಿಂತ ಜೋರಾಗಿ. ಫ ಇನ್ನೂ ನೆಟ್ಟಗೆ ಬರುತ್ತಿಲ್ಲ, ಗಾಳಿ ಪಕ್ಕಕ್ಕೆ ಹೋಗುತ್ತದೆ.

"ಒನ್ಸ್ ಮೋರ್," ಎನ್ನುತ್ತಾಳೆ.

ಇನ್ನೊಮ್ಮೆ ಹೇಳುತ್ತೇನೆ.