ಸೂತಕವಿಲ್ಲದ ಮನೆ

ಅಮ್ಮ ತೀರಿಕೊಂಡದ್ದು ಒಂದು ಭಾನುವಾರ ಬೆಳಗ್ಗೆ. ಮರುದಿನ ನನಗೆ ಎಸ್ಸೆಸ್ಸೆಲ್ಸಿಯ ಗಣಿತ ಪರೀಕ್ಷೆ. ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ.

ಎಂಬತ್ತರ ದಶಕದ ಮಾತು. ನಾವು ಹಾವೇರಿ ಕಡೆಯ ಲಿಂಗಾಯತರು. ಅಪ್ಪನ ಗುಮಾಸ್ತಿಕೆಯ ದೆಸೆಯಿಂದ ಬೆಂಗಳೂರಿಗೆ ಬಂದು ಗೋವಿಂದರಾಜನಗರದಲ್ಲಿ ಮನೆ ಮಾಡಿದ್ದೆವು. ಅಪ್ಪ ಮಹಡಿಯ ಮೇಲೆ ಕೋಣೆ ಕಟ್ಟಿಸಿದ್ದು ಬಾಡಿಗೆಗೆ ಕೊಡಲು. ಅಮ್ಮ ಅದನ್ನು ಓದುವ ಹೆಣ್ಣುಮಕ್ಕಳಿಗೆ ಕೊಟ್ಟಳು, ಬಾಡಿಗೆಯಿಲ್ಲದೆ, ಊಟ ಹಾಕಿ. ಬ್ಯಾಡರಹಳ್ಳಿಯಿಂದಾಚೆಗೆ ಏಳನೇ ಕ್ಲಾಸು ಮುಗಿಸಿದ ಹುಡುಗಿಯರನ್ನು, ಹೈಸ್ಕೂಲು ಬಿಡುವ ಹೊತ್ತಿಗೆ ಬಸ್ಸಿಲ್ಲ ಎಂದು ಮನೆಯಲ್ಲೇ ಕೂರಿಸಿಬಿಡುತ್ತಿದ್ದರು. ಅಂಥ ಮೂವರು ನಮ್ಮ ಮಹಡಿಗೆ ಬಂದರು. ಮೂವರೂ ನನ್ನ ಕ್ಲಾಸಿಗೇ ಸೇರಿದರು.

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಹೊಸದರಲ್ಲಿ ಅಮ್ಮನನ್ನು ‘ಆಂಟಿ’ ಎನ್ನುತ್ತಿದ್ದವರು ಆರು ತಿಂಗಳಲ್ಲಿ ‘ಅಮ್ಮ’ ಅನ್ನತೊಡಗಿದರು. ಅಮ್ಮ ಅದಕ್ಕೂ ಓಗೊಟ್ಟಳು. ತಲೆ ಬಾಚಿಸಿಕೊಳ್ಳಲು ನನ್ನ ಸರದಿ ನಾಲ್ಕನೆಯದು. ವಿಜಯನಗರದಲ್ಲಿದ್ದ ಚಿಕ್ಕಮ್ಮ, ಅಮ್ಮನ ತಂಗಿ, ಒಮ್ಮೆ ಅಮ್ಮನ ಎದುರಿಗೇ, “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅಮ್ಮನೂ ನಕ್ಕಳು, ಆದರೆ ನನ್ನ ಕಡೆ ನೋಡಲಿಲ್ಲ.

ಅಮ್ಮ ಓದಿದ್ದು ನಾಲ್ಕನೇ ಇಯತ್ತೆ. ಓದು ಎಂದರೆ ಕಿವಿಗೆ ಬೀಳಬೇಕು ಎಂಬುದು ಅವಳ ನಂಬಿಕೆ. ಸಂಜೆ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತ ಮೇಲಿನ ದನಿಗೆ ಕಿವಿಗೊಡುವಳು. ನಾನು ತೆಪ್ಪಗೆ ಲೆಕ್ಕ ಮಾಡುತ್ತಿದ್ದರೆ, “ಬಾಯಿ ಮುಚ್ಕೊಂಡು ಏನ್ ಓದ್ತಿಯವ್ವ? ದನಿ ಬರ್ಲಿ” ಎನ್ನುವಳು. ಲೆಕ್ಕವನ್ನು ಕೂಗಿ ಮಾಡುವುದು ಹೇಗೆ? ಹಾಗಾಗಿ ಆ ಮೂವರು ಉಪಾಯ ಕಂಡುಕೊಂಡು ಪ್ರಮೇಯಗಳನ್ನು ರಾಗವಾಗಿ ಹೇಳತೊಡಗಿದರು. ಅಮ್ಮನಿಗೆ ಪರಮ ಸಂತೋಷ.

ಪರೀಕ್ಷೆ ಶುರುವಾಗುವ ಮೊದಲೇ ಅವಳಿಗೆ ಕಾಮಾಲೆ ಆಗಿತ್ತು. ನಾಟಿ ಔಷಧಿ, ಆಮೇಲೆ ಆಸ್ಪತ್ರೆ, ಆಮೇಲೆ ಆ ಭಾನುವಾರ. ಮಧ್ಯಾಹ್ನದೊಳಗೆ ಮಣ್ಣು ಮಾಡಿ ಬಂದರು. ನಾನು ಅಳಲಿಲ್ಲ. ನಡುಮನೆಯ ಕಂಬಕ್ಕೆ ಒರಗಿ, ಬಂದವರ ಚಪ್ಪಲಿಗಳಲ್ಲಿ ಯಾವುದಕ್ಕೆ ಯಾವುದು ಜೋಡಿ ಎಂದು ನೋಡುತ್ತಿದ್ದೆ.

ಆ ಮೂವರು ಮಹಡಿ ಮೆಟ್ಟಿಲ ಕೆಳಗೆ ಗಂಟುಮೂಟೆ ಕಟ್ಟಿಕೊಂಡು ನಿಂತಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂಬುದು ಅವರ ಕಡೆಯ ರೂಢಿ. ಊರಿಗೆ ಹೋದರೆ ಬೆಳಗ್ಗೆ ಪರೀಕ್ಷೆಯ ಹೊತ್ತಿಗೆ ಬರಲಾಗದೆಂದು ಅವರಿಗೂ ಗೊತ್ತಿತ್ತು. “ಹೋಗ್ಲಿ ಬಿಡಿ, ಮುಂದಿನ್ ಸಲ ಬರ್ಕೊಳ್ಳಲಿ. ಇವಳೂ ಅಷ್ಟೇ,” ಎಂದು ಚಿಕ್ಕಮ್ಮ ನನ್ನನ್ನೂ ಸೇರಿಸಿ ಹೇಳಿದಳು.

ಆಗ ಅಪ್ಪನ ತಾಯಿ, ನಮ್ಮ ಅಜ್ಜಿ, ಮೂಲೆಯಿಂದೆದ್ದು ಬಂದಳು. ಸೊಸೆಗಾಗಿ ಅತ್ತೂ ಅತ್ತೂ ಅವಳ ದನಿ ಒಡೆದಿತ್ತು. “ಯಾವ ಸೂತಕ? ಲಿಂಗ ಕಟ್ಟಿದವರಿಗೆ ಸೂತಕ ಎಲ್ಲಿ ಐತಿ? ಒಲಿ ಹಚ್ಚರಿ,” ಎಂದಳು. ಹುಡುಗಿಯರ ಕಡೆ ತಿರುಗಿ, “ಮ್ಯಾಲ ಹೋಗಿ ಓದ್ರಿ. ಆಕಿಗೆ ಕೇಳೂ ಹಂಗ ಓದ್ರಿ,” ಎಂದಳು.

ಅವರು ಹೋದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೇಳಿಸಿತು: ‘ಒಂದು ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ಮೇಲಿನ ವರ್ಗವು...’ ಒಬ್ಬಳ ದನಿ ನಡುಗಿ ನಿಂತರೆ ಇನ್ನೊಬ್ಬಳು ಎತ್ತಿಕೊಳ್ಳುತ್ತಿದ್ದಳು. ಮಾತಾಡಿಸಲು ಬಂದಿದ್ದ ಪಕ್ಕದ ಮನೆಯಾಕೆ, “ಇದೇನ್ ಕಾಲ ಬಂತಪ್ಪಾ” ಎಂದು ಗೊಣಗಿಕೊಂಡು ಎದ್ದುಹೋದರು. ನನಗೆ ಮೈಯೆಲ್ಲ ಉರಿಯಿತು. ಅಂದು ನನಗೆ ಏನಾದರೂ ಅನಿಸಿದ್ದಿದ್ದರೆ ಅದೊಂದೇ, ಆ ಸಿಟ್ಟು. ಅಮ್ಮ ಸತ್ತ ದಿನವೂ ಅವರದೇ ದನಿ, ನನ್ನದಲ್ಲ.

ಬೆಳಗ್ಗೆ ಅಜ್ಜಿ ಉಪ್ಪಿಟ್ಟು ಮಾಡಿ ನಾಲ್ವರಿಗೂ ಹಾಕಿದಳು. ಅಪ್ಪ ಶಾಲೆಯ ಗೇಟಿನವರೆಗೂ ಬಂದರು. ನಾನು ರಿಜಿಸ್ಟರ್ ನಂಬರ್ ಬರೆದೆ. ಸ್ಕೇಲಿಟ್ಟು ಎಲ್ಲ ಪುಟಕ್ಕೂ ಅಂಚು ಎಳೆದೆ. ಪ್ರಶ್ನೆಗಳೇನೂ ಕಷ್ಟವಿರಲಿಲ್ಲ, ಒಂದೊಂದನ್ನೂ ಓದಿದೆ. ಕೈ ಏಳಲಿಲ್ಲ. ಗಂಟೆ ಹೊಡೆದಾಗ ಅಂಚು ಎಳೆದ ಖಾಲಿ ಹಾಳೆಗಳನ್ನು ಕೊಟ್ಟು ಬಂದೆ.

ಫಲಿತಾಂಶ ಬಂತು. ಅವರು ಮೂವರೂ ಪಾಸು. ನಾನು ಗಣಿತದಲ್ಲಿ ಹೋದೆ. ಅವರು ಕಾಲೇಜಿನ ಹಾಸ್ಟೆಲಿಗೆ ಸೇರಿಕೊಂಡರು. ಹೋಗುವಾಗ ಒಬ್ಬಳು ನನ್ನನ್ನು ತಬ್ಬಿಕೊಂಡಳು. ನಾನು ಸುಮ್ಮನೆ ನಿಂತಿದ್ದೆ. “ಕಂಡೋರ ಮಕ್ಕಳು ಉದ್ಧಾರ ಆದ್ರು, ನಮ್ಮ ಮಗಳು ಮನೇಲಿ ಕೂತ್ಲು. ಇನ್ನಾದ್ರೂ ಬಾಡಿಗೆಗೆ ಕೊಡಿ ಭಾವ,” ಎಂದಳು ಚಿಕ್ಕಮ್ಮ. ಅವಳು ಹೇಳಿದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಜೂನ್ ತಿಂಗಳ ಒಂದು ಬೆಳಗ್ಗೆ ಗೇಟಿನ ಹೊರಗೆ ಒಬ್ಬ ಗಂಡಸು, ಜೊತೆಗೆ ತಗಡಿನ ಟ್ರಂಕು ಹಿಡಿದ ಮಗಳು ನಿಂತಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

“ಅಮ್ಮಾವ್ರು ಹೋದ್ ಸುದ್ದಿ ಗೊತ್ತಾಯ್ತು ಸ್ವಾಮಿ. ಕೇಳ್ಬಾರ್ದು. ಸಂಕ್ರಾಂತೀಲಿ ಬಂದಾಗ, ಜೂನ್‌ಗೆ ಮಗೂನ ಕರ್ಕೊಂಡ್ ಬಾ ಅಂದಿದ್ರು. ಇಲ್ಲಾಂದ್ರೆ ಸ್ಕೂಲ್ ಬಿಡಿಸ್ಬೇಕು. ಅದಕ್ಕೇ ಒಂದ್ ಮಾತು ಕೇಳ್ಕೊಂಡ್ ಹೋಗಾನ ಅಂತ.”

ಅಪ್ಪ ನನ್ನತ್ತ ತಿರುಗಿದರು. “ಅಜ್ಜಿಗೆ ಆಗೂದಿಲ್ಲ. ಅಡಿಗಿ ಇನ್ನ ನಿನ್ನ ಮ್ಯಾಲ ಬೀಳತೈತಿ. ನೀ ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ.”

ಮೂರು ವರ್ಷ ನಾನು ಕಾದಿದ್ದು ಈ ಒಂದು ಮಾತಿಗೆ. ಬೇಡ ಅನ್ನಲೆಂದೇ ಬಾಯಿ ತೆರೆದೆ. ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದೆ, ಬರಲಿಲ್ಲ. ನನ್ನ ಪಾಲಿನ ಅಮ್ಮನನ್ನು ಅವಳು ಕಿತ್ತುಕೊಳ್ಳುವಂತಿರಲಿಲ್ಲ, ಕಿತ್ತುಕೊಳ್ಳಲು ಏನೂ ಉಳಿದಿರಲಿಲ್ಲ.

“ಟ್ರಂಕ್ ಕೊಡು,” ಎಂದೆ.

ಅಪ್ಪ ಅಲ್ಲೇ ಗೇಟು ಹಿಡಿದುಕೊಂಡು, ಅಮ್ಮ ಹೋದ ಮೇಲೆ ಮೊದಲ ಸಲ, ಗಟ್ಟಿಯಾಗಿ ಅತ್ತರು. ನಾನು ಅನ್ನ ಇನ್ನೊಬ್ಬಳಿಗೆ ಸಾಲುತ್ತದೆಯೇ ನೋಡಲು ಒಳಗೆ ಹೋದೆ.